ಪರವಾನಗಿಯ ದಫ್ತರವೂ ಗೌಂಡಿಯ ಗಿರಾಕಿಯೂ

ಮನೆ ಕಟ್ಟಿಸುವವನಿಗೆ ಒಳ್ಳೆಯ ಗುತ್ತಿಗೆದಾರ ಸಿಗುವದಿಲ್ಲ. ಒಳ್ಳೆಯ ಗುತ್ತಿಗೆದಾರನಿಗೆ ಮನೆ ಕಟ್ಟಿಸುವವನು ಸಿಗುವದಿಲ್ಲ. ನಮ್ಮ ಆಳಂದ ತಾಲೂಕಿನ ಹಳ್ಳಿಗಳಲ್ಲಿ ಇವರಿಬ್ಬರನ್ನು ಕೂಡಿಸುವ ಕೆಲಸವು ಇಂದಿಗೂ ಚಹದಂಗಡಿಯ ಮಾತಿನಿಂದ, ಬೀಗರ ಶಿಫಾರಸಿನಿಂದ ನಡೆದು ಬಂದಿದೆ. ಕಟ್ಟಡ ಪರವಾನಗಿಯ ದಫ್ತರವು ಸಾರ್ವಜನಿಕವಾದದ್ದು, ಅದನ್ನು ನೋಡಿ ಗಿರಾಕಿಯನ್ನು ಹುಡುಕುವದು ಗುತ್ತಿಗೆದಾರನಿಗೆ ಹೀನವೂ ಅಲ್ಲ, ಊರಿಗೆ ಹಾನಿಯೂ ಅಲ್ಲ ಎಂಬುದೇ ಈ ಲೇಖನದ ವಾದ. ಕಲಾ ಕಾಲೇಜಿನ ವಾರ್ಷಿಕದಲ್ಲಿ ಇಟ್ಟಿಗೆ ಸಿಮೆಂಟಿನ ಮಾತೇಕೆ ಎಂದು ಮೂಗು ಮುರಿಯುವ ಮಿತ್ರರು, ತಮ್ಮ ಪದವಿಯ ಮುಂದಿನ ಹೊಟ್ಟೆಪಾಡನ್ನು ಒಮ್ಮೆ ನೆನೆದು ಮುಂದಿನ ಪುಟಕ್ಕೆ ಹೋಗಲಿ.

ನಾನು ಭೂಸನೂರಿನವನು. ನಮ್ಮದು ಮೂರು ತಲೆಮಾರಿನಿಂದ ಕರಣೆ ಹಿಡಿದ ಮನೆತನ. ನನ್ನ ಅಣ್ಣನು ಪುಣೆಯಲ್ಲಿ ಹಲವು ವರ್ಷ ದುಡಿದು, ನಕಾಶೆ ಓದುವದನ್ನೂ ಸಳಿ ಕಟ್ಟುವದನ್ನೂ ಚೆನ್ನಾಗಿ ಕಲಿತು ಊರಿಗೆ ಮರಳಿದ. ನಮ್ಮೂರಿನಲ್ಲಿ ಸಕ್ಕರೆ ಕಾರಖಾನೆಯಿದೆ. ಕಬ್ಬಿನ ಬಿಲ್ಲು ಕೈಗೆ ಬಂದ ಮನೆಗಳಲ್ಲಿ ಮೊದಲು ಮದುವೆಯ ಮಾತು, ಆಮೇಲೆ ಮಾಳಿಗೆ ಕೆಡವುವ ಮಾತು. ಆದರೆ ಯಾರು ಕೆಡವುವರು, ಯಾರು ಕಟ್ಟುವರು ಎಂಬ ಸುದ್ದಿ ಅಣ್ಣನ ಕಿವಿಗೆ ಬೀಳುವಷ್ಟರಲ್ಲಿ ಗೋಡೆ ಎದ್ದಿರುತ್ತದೆ. ಅವನ ಪಾಲಿಗೆ ಉಳಿಯುವದು ಗಿಲಾವು ಮಾತ್ರ.

ಈಗ ಕಾಯದೆಯನ್ನು ನೋಡೋಣ. 1993ರ ನಮ್ಮ ರಾಜ್ಯದ ಪಂಚಾಯತ್ ರಾಜ್ ಕಾಯದೆಯ 64ನೆಯ ಕಲಮಿನಂತೆ ಹಳ್ಳಿಯಲ್ಲಿ ಮನೆ ಕಟ್ಟಲು ಗ್ರಾಮ ಪಂಚಾಯತಿಯ ಲಿಖಿತ ಅಪ್ಪಣೆ ಬೇಕು. ಅಂದರೆ ಮೊದಲ ಗುದ್ದಲಿ ಬೀಳುವ ಮುನ್ನವೇ ಒಂದು ಹೆಸರು ಪುಸ್ತಕದಲ್ಲಿ ಏರಿರಬೇಕು. ಪರವಾನಗಿ ಪಡೆದವರ ವಿವರಗಳನ್ನು ಯಾರೂ ಕೇಳದೆಯೇ ಕಚೇರಿಯು ತಾನಾಗಿ ಪ್ರಕಟಿಸಬೇಕೆಂದು 2005ರ ಮಾಹಿತಿ ಹಕ್ಕಿನ ಕಾಯದೆಯ 4ನೆಯ ಕಲಮು ಹೇಳುತ್ತದೆ. ಪ್ರಕಟಿಸದಿದ್ದರೆ 10 ರೂಪಾಯಿಯ ಅರ್ಜಿ. ಕಾರಣ ಹೇಳುವ ಹಂಗಿಲ್ಲ, 30 ದಿವಸಗಳ ಒಳಗೆ ಉತ್ತರ ಬರಬೇಕು. ಇದಿಷ್ಟು ಪುಸ್ತಕದ ಮಾತು. ಒಂದು ಕಚೇರಿಯಲ್ಲಿ ನಾನು ವಿನಯದಿಂದಲೇ ಕೇಳಿದಾಗ ದೊರೆತ ಉತ್ತರವೆಂದರೆ, “ಮಂದಿ ಮನೀ ಉಸಾಬರಿ ನಿನಗ್ಯಾಕ ತಮ್ಮಾ?”

ಸುದ್ದಿ ಮೊದಲೇ ಏಕೆ ಬೇಕೆಂಬುದು ನಮ್ಮ ಸೀಮೆಯ ನೆಲವನ್ನು ಬಲ್ಲವರಿಗೆ ತಿಳಿದೀತು. ನಮ್ಮದು ಎರೆ ಭೂಮಿ. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ. ಜೋಳಕ್ಕೆ ತಾಯಿಯಾದ ಈ ಮಣ್ಣು ಗೋಡೆಗೆ ಮಲತಾಯಿ. ಎರೆಯನ್ನು ದಾಟಿ ಗಟ್ಟಿ ಗರಸು ಸಿಗುವವರೆಗೆ ಬುನಾದಿ ಇಳಿಯಬೇಕು. ಎರೆ ಬಹಳ ಆಳವಿದ್ದರೆ ಮಣ್ಣು ತೆಗೆದು ಗರಸು ತುಂಬಬೇಕು, ನೆಲಮಟ್ಟದಲ್ಲಿ ಸುತ್ತಲೂ ಕಾಂಕ್ರೀಟಿನ ಪಟ್ಟಿ ಕಟ್ಟಬೇಕು. ಈ ಬುದ್ಧಿಮಾತಿಗೆ ಬೆಲೆಯಿರುವದು ಅಗೆಯುವ ಮುನ್ನ. ಎರಡು ಮಳೆಗಾಲ ಕಳೆದು ಕಿಡಕಿಯ ಮೂಲೆಯಿಂದ ಓರೆಯಾಗಿ ಬಿರುಕು ಹೊರಟ ಮೇಲೆ ಕರೆಸಿದ ಗೌಂಡಿ ಏನು ಮಾಡಿಯಾನು? ಸಿಮೆಂಟು ಮೆತ್ತಿ ಕೂಲಿ ತೆಗೆದುಕೊಂಡು ಹೋದಾನು; ಮುಂದಿನ ವರ್ಷ ಮತ್ತೆ ಬಂದಾನು. ಪರವಾನಗಿಯ ತಾರೀಖು ಬುನಾದಿಗೆ ಮುಂಚಿನದು. ಆ ದಫ್ತರದ ಬೆಲೆಯೆಲ್ಲ ಅಲ್ಲಿದೆ.

ದಫ್ತರದಲ್ಲಿ ಊರೆಲ್ಲ ಇರುತ್ತದೆಂದು ಮಾತ್ರ ಭ್ರಮಿಸಬೇಡಿರಿ. ಹಳೆಯ ಗಾವಠಾಣದ ಒಳಗೆ ಅಪ್ಪಣೆಯ ಗೊಡವೆಯೇ ಇಲ್ಲದೆ ಕಟ್ಟುವವರು ಬಹಳ. ಬ್ಯಾಂಕಿನ ಸಾಲ ಬೇಕಾದವನು ಮಾತ್ರ ತಪ್ಪದೆ ಕಾಗದ ಮಾಡಿಸುತ್ತಾನೆ, ಏಕೆಂದರೆ ಬ್ಯಾಂಕು ಕೇಳುತ್ತದೆ. ವ್ಯಾಪಾರದ ದೃಷ್ಟಿಯಿಂದ ಇದೇನೂ ಕೆಟ್ಟ ಯಾದಿಯಲ್ಲ. ಹಣ ಕೊಡಬಲ್ಲವರ ಯಾದಿ!

ನಮ್ಮ ಅಧ್ಯಾಪಕರೊಬ್ಬರು ಎತ್ತಿದ ಆಕ್ಷೇಪವು ಇದಕ್ಕಿಂತ ತೂಕದ್ದು. ಗಂಡನಿಲ್ಲದ ಹೆಣ್ಣುಮಗಳೊಬ್ಬಳು ಸಾಲ ತಂದು ಎರಡು ಕೋಣೆ ಹಾಕಿಸಹೊರಟರೆ ಹತ್ತು ಜನ ಗುತ್ತಿಗೆದಾರರು ಅವಳ ಬಾಗಿಲು ಬಡಿಯುವದು ಸರಿಯೇ ಎಂದು ಅವರು ಕೇಳಿದರು. ಸರಿಯಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯದೆಯು ಮಾಹಿತಿ ಹಕ್ಕಿನ 8ನೆಯ ಕಲಮನ್ನೇ ತಿದ್ದಿ, ವೈಯಕ್ತಿಕ ವಿವರಗಳನ್ನು ತಡೆಹಿಡಿಯಲು ಕಚೇರಿಗಳಿಗೆ ಹೆಚ್ಚಿನ ಆಸ್ಪದ ಕೊಟ್ಟಿದೆ. ಆದರೆ ಗೌಂಡಿಗೆ ಬೇಕಾದದ್ದು ಆ ಹೆಣ್ಣುಮಗಳ ಫೋನ್ ಸಂಖ್ಯೆಯಲ್ಲ, ಸಾಲದ ಮೊತ್ತವೂ ಅಲ್ಲ. ಜಾಗದ ನಂಬರು, ಕಟ್ಟಡದ ಅಳತೆ, ಅಪ್ಪಣೆಯ ತಾರೀಖು. ಒಮ್ಮೆ ಹೋಗಿ, ಬರೆದ ದರಪಟ್ಟಿಯನ್ನು ಕೊಟ್ಟು, ಬೇಡವೆಂದರೆ ಮರಳಿ ಬರಬೇಕು. ಹತ್ತು ದರಪಟ್ಟಿ ಕೈಯಲ್ಲಿದ್ದರೆ ಆಕೆಗೆ ತೊಂದರೆಯಾದೀತು, ನಿಜ. ಒಂದೇ ಒಂದು ಇದ್ದರೆ ಆಗುವ ತೊಂದರೆ ಅದಕ್ಕಿಂತ ದೊಡ್ಡದೆಂದು ನನ್ನ ಎಣಿಕೆ. ಸುದ್ದಿಯನ್ನು ಗುಟ್ಟಾಗಿಟ್ಟ ಮಾತ್ರಕ್ಕೆ ಅದು ಯಾರಿಗೂ ತಿಳಿಯದೆ ಹೋಗುವದಿಲ್ಲ, ಕಚೇರಿಯಲ್ಲಿ ಬಳಕೆಯಿದ್ದವನಿಗೆ ಮಾತ್ರ ತಿಳಿಯುತ್ತದೆ. ಸರಕಾರದ ಕಾಮಗಾರಿಗಳಿಗೆ ಬಹಿರಂಗ ಟೆಂಡರು ಬೇಕೆಂದು 1999ರಲ್ಲಿಯೇ ನಮ್ಮ ರಾಜ್ಯ ಕಾಯದೆ ಮಾಡಿತು. ಅಮೇರಿಕದ ಚಿಕಾಗೋ ನಗರವಂತೂ 2006ರಿಂದ ಈಚಿನ ಕಟ್ಟಡ ಪರವಾನಗಿಗಳನ್ನು ಯಾರು ಬೇಕಾದರೂ ನೋಡುವಂತೆ ತೆರೆದಿಟ್ಟಿದೆ. ಅಲ್ಲಿಯಷ್ಟು ನಮಗೆ ಬೇಡ. ಪಂಚಾಯತಿಯ ಗೋಡೆಗೆ ಒಂದು ಫಲಕ ಸಾಕು.

ಈ ಫಲಕದ ಬೇಡಿಕೆಯನ್ನು ಬರುವ ಗ್ರಾಮಸಭೆಯಲ್ಲಿ ಇಡಬೇಕೆಂದು ನಾವು ಕೆಲವರು ಗೆಳೆಯರು ನಿಶ್ಚಯಿಸಿದ್ದೇವೆ. ಫಲಕಕ್ಕೆ ಬೇಕಾದ ಶಹಾಬಾದ ಕಲ್ಲನ್ನು ಅಣ್ಣನೇ ಕೊಟ್ಟು ಕೂಡಿಸುವನಂತೆ. ಸುಣ್ಣ ಬಣ್ಣದ ಖರ್ಚು ಪಂಚಾಯತಿಯದು.