ಓದಿದ್ದು, ನೋಡಿದ್ದು
ಈ ತಿಂಗಳು ನಾವು ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಓದಿದೆವು. ಸಣ್ಣ ಪುಸ್ತಕ, ಎರಡು ಶುಕ್ರವಾರಕ್ಕೆ ಮುಗೀತು. ಸೇಲ್ಸ್‌ಮನ್ ಅಪ್ಪನ ಲೆಕ್ಕ ತಾಳೆಯಾಗದಿದ್ದರೆ ಇಡೀ ಮನೆಯೇ ಕೂತು ಹುಡುಕುತ್ತದೆ. ಚಿಕ್ಕಪ್ಪನ ಮಸಾಲೆ ವ್ಯಾಪಾರದಿಂದ ದುಡ್ಡು ಬಂದ ಮೇಲೆ ಆ ಒಗ್ಗಟ್ಟೇ ಬದಲಾಗುತ್ತೆ. ಲೆಕ್ಕ ಬರೆಯೋ ನಮಗೆ ಅಲ್ಲೇ ಚುರ್ ಅಂತು.

ಆಮೇಲೆ ರಾಮ್ ರೆಡ್ಡಿಯವರ ‘ತಿಥಿ’ (2016) ನೋಡಿದೆವು. ಮಂಡ್ಯ ಕಡೆಯ ಹಳ್ಳಿಯವರೇ ನಟಿಸಿದ್ದಾರೆ. ಜಮೀನು ಮಾರೋಕೆ ಅಂತ ಮಗ, ಬದುಕಿರೋ ಅಪ್ಪನನ್ನೇ ಕಾಗದದಲ್ಲಿ ಸಾಯಿಸ್ತಾನೆ. ನಗು ಬರುತ್ತೆ, ಭಯಾನೂ ಆಗುತ್ತೆ.

ನಾವೂ ನೀವೂ ತಿಂಗಳು ತಿಂಗಳು ಊರಿಗೆ ದುಡ್ಡು ಕಳಿಸೋರು. ಈ ಸಲ ಫೋನ್ ಮಾಡಿದಾಗ ‘ದುಡ್ಡು ಬಂತಾ?’ ಅಂತಷ್ಟೇ ಕೇಳಿ ಇಡಬೇಡಿ. ಯಾವುದಕ್ಕೆ ಖರ್ಚಾಯ್ತು, ಪಹಣಿ ಯಾರ ಹೆಸರಲ್ಲಿದೆ, ಅಪ್ಪ-ಅಮ್ಮನ ಮನಸ್ಸಲ್ಲಿ ಏನಿದೆ, ಅದನ್ನೂ ಕೇಳಿ.