ಬಸವಕಲ್ಯಾಣ-ಹುಮನಾಬಾದ್: ದಾಳಿಂಬೆ ನೆಡುವ ಮುನ್ನ ಅಂಗಮಾರಿಯ ಲೆಕ್ಕ

ಬೀದರ್ ಜಿಲ್ಲೆಯ ಬಸವಕಲ್ಯಾಣ ಮತ್ತು ಹುಮನಾಬಾದ್ ತಾಲೂಕುಗಳು ತೊಗರಿ, ಸೋಯಾ, ಕಬ್ಬಿನ ಸೀಮೆ. ಹೈದರಾಬಾದಿನಿಂದ ಈ ತಾಲೂಕುಗಳನ್ನು ಹಾದು ಹೋಗುವ ಹೆದ್ದಾರಿ ತಲುಪುವುದು ದಾಳಿಂಬೆಗೆ ಹೆಸರಾದ ಸೊಲ್ಲಾಪುರವನ್ನು. ರಾಷ್ಟ್ರೀಯ ದಾಳಿಂಬೆ ಸಂಶೋಧನಾ ಕೇಂದ್ರವೂ 2005ರಿಂದ ಅಲ್ಲಿಯೇ ಇದೆ. ಗಡಿಯಾಚೆಯ ಆದಾಯ ಕಂಡು ಈಚೆಯ ರೈತರಿಗೂ ಆಸೆಯಾಗುವುದು ಸಹಜ. ಆದರೆ ಸಸಿಯೊಂದಿಗೆ ರೋಗವೂ ಗಡಿ ದಾಟಬಲ್ಲದು.

ದುಂಡಾಣು ಅಂಗಮಾರಿ ಎಂಬ ಈ ರೋಗವನ್ನು ಮರಾಠಿಯವರು 'ತೇಲ್ಯಾ' ಎನ್ನುತ್ತಾರೆ. ಎಲೆಯ ಮೇಲೆ ಮೊದಲು ಎಣ್ಣೆ ಹನಿಸಿದಂತಹ ಚುಕ್ಕೆ ಕಾಣುವುದರಿಂದ ಆ ಹೆಸರು. ಮುಂದೆ ಹಣ್ಣಿನ ಮೇಲೆ ಕಪ್ಪು ಕಲೆ ಎದ್ದು ಸಿಪ್ಪೆ ಸೀಳುತ್ತದೆ, ಗೆಣ್ಣಿನಲ್ಲಿ ಕೊಂಬೆ ಮುರಿಯುತ್ತದೆ. ಭಾರತದಲ್ಲಿ ಇದು ಮೊದಲು ವರದಿಯಾದದ್ದು 1952ರಲ್ಲಿ, ದೆಹಲಿಯಿಂದ. ಬಹುಕಾಲ ಸಣ್ಣ ರೋಗವೆಂದೇ ಎಣಿಸಲ್ಪಟ್ಟಿತ್ತು. 2000ದ ನಂತರ ಬಾಗಲಕೋಟೆ, ವಿಜಯಪುರ, ಕೊಪ್ಪಳಗಳಲ್ಲಿ ತೋಟಕ್ಕೆ ತೋಟವನ್ನೇ ಕಿತ್ತು ಹಾಕುವಂತಾಯಿತು. ರೋಗ ತೀವ್ರವಾದಾಗ ಶೇ. 60ರಿಂದ 80ರಷ್ಟು ಫಸಲು ನಷ್ಟವಾಗುತ್ತದೆ. ಮಾರುಕಟ್ಟೆ ಮೆಚ್ಚಿದ ಭಗವಾ ತಳಿಗೂ ನಿರೋಧ ಶಕ್ತಿಯಿಲ್ಲ.

ಅಡಿಕೆಯ ಕೊಳೆರೋಗವನ್ನು ಕಂಡ ನಮ್ಮ ಕರಾವಳಿಯವರಿಗೆ ಮೈಲುತುತ್ತು, ಸುಣ್ಣದ ಬೋರ್ಡೋ ದ್ರಾವಣ ಹೊಸದಲ್ಲ. ದಾಳಿಂಬೆಗೂ ಅದನ್ನು ಸಿಂಪಡಿಸುತ್ತಾರೆ. ಆದರೆ ಈ ದುಂಡಾಣು ಕಾಂಡದ ಗಾಯದೊಳಗೂ ಉದುರಿದ ಎಲೆಯಲ್ಲೂ ಅಡಗಿ ಕುಳಿತು, ಮಳೆಹನಿಯ ಸಿಡಿತಕ್ಕೆ, ಚಾಟನಿ ಮಾಡುವ ಕತ್ತರಿಗೆ ಕಾಯುತ್ತದೆ. ಒಮ್ಮೆ ನೆಲೆಯೂರಿದರೆ ಪೂರ್ತಿ ತೊಲಗಿಸುವುದು ಕಷ್ಟ.

ಇನ್ನು ಹವೆಯ ವಿಚಾರ. ವಿಜಯಪುರದಲ್ಲಿ ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆಯಾದರೆ ಬೀದರಿನಲ್ಲಿ ಸುಮಾರು 850 ಮಿ.ಮೀ. ಸುರಿಯುತ್ತದೆ. 30 ಡಿಗ್ರಿಯ ಆಸುಪಾಸಿನ ಸೆಕೆ ಮತ್ತು ತೇವ ಸೇರಿದರೆ ದುಂಡಾಣುವಿಗೆ ಹಬ್ಬ. ಆದುದರಿಂದ ಮುಂಗಾರಿನಲ್ಲಿ ಹೂ ಬಿಡಿಸುವ ಮೃಗ ಬಹಾರ ಇಲ್ಲಿ ಜೂಜಾಟವೇ ಸರಿ. ಮಳೆಗಾಲದಲ್ಲಿ ಗಿಡಕ್ಕೆ ವಿಶ್ರಾಂತಿ ಕೊಟ್ಟು ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಆರಂಭಿಸುವ ಹಸ್ತ ಬಹಾರ ಮೇಲು. ಅದಕ್ಕೂ ತೊಡಕಿದೆ: ಗಿಡ ಎಲೆ ಉದುರಿಸಲು ನೆಲ ಒಣಗಬೇಕು, ಇಲ್ಲಿನ ಕಪ್ಪು ಮಣ್ಣು ಸೆಪ್ಟೆಂಬರಿನ ಮಳೆಯನ್ನು ಬೇಗ ಬಿಟ್ಟುಕೊಡುವುದಿಲ್ಲ. ಜನವರಿಯ ಅಂಬೆ ಬಹಾರಕ್ಕೆ ರೋಗದ ಕಾಟ ಕಡಿಮೆ, ಆದರೆ ಏಪ್ರಿಲ್-ಮೇ ತಿಂಗಳಲ್ಲಿ ಕೊಳವೆಬಾವಿ ಕೈಕೊಟ್ಟರೆ ಕಾಯಿ ಗತಿಯೇನು? ಬೇಸಿಗೆ ನೀರು ಖಚಿತವಿಲ್ಲದವರು ಇದಕ್ಕೆ ಇಳಿಯದಿರುವುದೇ ಲೇಸೆಂದು ನಮಗೆ ತೋರುತ್ತದೆ.

ಔಷಧದ ಭರವಸೆಯೂ ಕುಗ್ಗುತ್ತಿದೆ. ವರ್ಷಾನುಗಟ್ಟಲೆ ಬೆಳೆಗಾರರು ಆಶ್ರಯಿಸಿದ ಸ್ಟ್ರೆಪ್ಟೋಸೈಕ್ಲಿನ್‌ನಲ್ಲಿರುವ ಸ್ಟ್ರೆಪ್ಟೋಮೈಸಿನ್, ಕ್ಷಯರೋಗಿಗಳಿಗೆ ಕೊಡುತ್ತಾ ಬಂದ ಮದ್ದು. ಮನುಷ್ಯರ ರೋಗಾಣುಗಳು ಅದಕ್ಕೆ ಬಗ್ಗದಂತಾಗುವ ಭಯದಿಂದ, ಕೃಷಿಯಲ್ಲಿ ಅದರ ಬಳಕೆ ನಿಲ್ಲಿಸಲು ಕೇಂದ್ರ ಸರಕಾರ 2021ರ ಡಿಸೆಂಬರಿನಲ್ಲಿ ಕರಡು ಆದೇಶ ಹೊರಡಿಸಿತು. ಹವಾಮಾನ ಆಧಾರಿತ ವಿಮೆಯಾದರೋ ಮಳೆ, ತೇವದ ಅಂಕಿ ನೋಡಿ ಹಣ ಕೊಡುತ್ತದೆಯೇ ಹೊರತು ತೋಟದ ಸೀಳಿದ ಹಣ್ಣನ್ನು ನೋಡಿ ಅಲ್ಲ.

ಹೀಗಿರುವಾಗ ಕಾವಲು ಇರಬೇಕಾದುದು ಸಸಿಯಲ್ಲಿ. ಕಂಡವರ ತೋಟದಿಂದ ಅಗ್ಗಕ್ಕೆ ತಂದ ಗೂಟಿ ಸಸಿಗಿಂತ, ರೋಗವಿಲ್ಲದ ತಾಯಿಗಿಡದ್ದು ಅಥವಾ ಅಂಗಾಂಶ ಕೃಷಿಯದ್ದು ಕ್ಷೇಮ. ಬೀದರಿನಲ್ಲೇ ತೋಟಗಾರಿಕಾ ಕಾಲೇಜು ಇದೆ. ಸಂಶಯದ ಚುಕ್ಕೆ ಕಂಡ ಎಲೆಯನ್ನು ಅಲ್ಲಿ ತೋರಿಸಿಕೊಂಡು ಬರಲು ಒಂದು ದಿನ ಸಾಕು.