ಬೆಳಕಿನ ಚಿಕಿತ್ಸೆ: ಭರವಸೆಗೂ ಅಳತೆ ಬೇಕು

ಕಳೆದ ತಿಂಗಳು ಶ್ರೀಮಠದ ಆರೋಗ್ಯ ತಪಾಸಣಾ ಶಿಬಿರಕ್ಕೆ ತಂದೆಯೊಬ್ಬರು ಐದು ವರ್ಷದ ಮಗನೊಡನೆ ಬಂದರು. ಮಗುವಿಗೆ ಆಟಿಸಂ, ಮಾತು ಬಂದಿಲ್ಲ. ತಲೆಗೆ ಬೆಳಕು ಹಾಯಿಸುವ ಉಪಕರಣವೊಂದನ್ನು ಮೊಬೈಲಿನಲ್ಲಿ ತೋರಿಸಿ, "ಅರ್ಧ ಎಕರೆ ಮಾರಿದ್ರ ಇದು ಬರ್ತದ್ರೀ ಡಾಕ್ಟ್ರ, ತಗೊಳ್ಳೂಣೇನ್ರಿ?" ಎಂದರು.

ಈ ಸಂಶೋಧನೆ ಕಟ್ಟುಕಥೆಯಲ್ಲ. 1960ರ ದಶಕದ ಕೊನೆಯಲ್ಲಿ ಹಂಗೇರಿಯ ವೈದ್ಯ ಎಂಡ್ರೆ ಮೆಸ್ಟರ್, ಮಂದ ಲೇಸರ್ ಬೆಳಕು ಬಿದ್ದ ಇಲಿಗಳ ಚರ್ಮದಲ್ಲಿ ಕೂದಲು ಬೇಗ ಬೆಳೆದುದನ್ನು ಕಂಡರು. ಕೆಂಪು ಮತ್ತು ಅವಗೆಂಪು ಬೆಳಕು ಜೀವಕೋಶದೊಳಗಿನ ಮೈಟೊಕಾಂಡ್ರಿಯಕ್ಕೆ ಚೈತನ್ಯ ನೀಡುತ್ತದೆಂಬುದು ಸಂಶೋಧಕರ ತರ್ಕ. ಆದರೆ ತಲೆಬುರುಡೆಯನ್ನು ದಾಟಿ ಮೆದುಳನ್ನು ಮುಟ್ಟುವುದು ಆ ಬೆಳಕಿನ ಅಲ್ಪಾಂಶ ಮಾತ್ರ.

2024ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 2ರಿಂದ 6 ವರ್ಷದ 30 ಮಕ್ಕಳಿದ್ದರು. ವಾರಕ್ಕೆ ಎರಡು ಬಾರಿಯಂತೆ 8 ವಾರ ಕೆಲವರಿಗೆ ನಿಜವಾದ ಬೆಳಕು, ಉಳಿದವರಿಗೆ ಹುಸಿ ಚಿಕಿತ್ಸೆ. ನಿಜವಾದ ಬೆಳಕು ಪಡೆದವರಲ್ಲಿ ಲಕ್ಷಣಗಳು ತಗ್ಗಿದವೆಂದು ವರದಿಯಾಯಿತು. ಹುಸಿ ಚಿಕಿತ್ಸೆ ಏತಕ್ಕೆ? ಎಂಟು ವಾರದಲ್ಲಿ ಮಗು ತಾನಾಗಿಯೂ ಬೆಳೆಯುತ್ತದೆ. ಹೆತ್ತವರ ಕಣ್ಣು ಬಯಸಿದ್ದನ್ನೇ ಕಾಣುತ್ತದೆ. ಇವೆರಡನ್ನೂ ಕಳೆದು ಉಳಿದುದೇ ಚಿಕಿತ್ಸೆಯ ಫಲ. ಫಲಿತಾಂಶ ಆಶಾದಾಯಕವೇ; ಆದರೆ ಮೂವತ್ತು ಮಕ್ಕಳ ಅನುಭವದಿಂದ ಲಕ್ಷಾಂತರ ಮಕ್ಕಳಿಗೆ ಮಾತು ಕೊಡಲಾಗದು.

ಆಟಿಸಂಗೆ ಆಕರಕೋಶ ಚಿಕಿತ್ಸೆ ಮಾಡಬಾರದೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗವು 2022ರ ಡಿಸೆಂಬರಿನಲ್ಲಿ ಹೇಳಬೇಕಾಯಿತು. ಪುರಾವೆಗಿಂತ ಮೊದಲೇ ಮಾರಾಟ ಓಡಿದ್ದರ ಪರಿಣಾಮವದು.

ಪರರನ್ನಷ್ಟೇ ದೂರುವುದು ನ್ಯಾಯವಲ್ಲ. ಹಿಂದೆ ನಾವೂ ಇಂತಹ ಮಕ್ಕಳಿಗೆ ಬ್ರಾಹ್ಮೀಘೃತ ಕೊಟ್ಟು, "ಆರು ತಿಂಗಳು ನೋಡಿ" ಎಂದದ್ದುಂಟು. ಮಗುವಿಗೆ ತರಬೇತಿ ದೊರೆಯಬೇಕಾದ ಆರು ತಿಂಗಳು ಹೀಗೆ ಕಳೆದುಹೋದವು. ಬೆಳಕಿಗೆ ಕೇಳುವ ಪುರಾವೆಯನ್ನು ನಮ್ಮ ಘೃತಕ್ಕೂ ಕೇಳಲೇಬೇಕು.

ಆ ತಂದೆಗೆ ನಾವು ಹೇಳಿದೆವು: ಹೊಲ ಮಾರಬೇಡಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೋ ಬೆಂಗಳೂರಿನ ನಿಮ್ಹಾನ್ಸ್‌ಗೋ ಮಗುವನ್ನು ತೋರಿಸಿ, ಅಲ್ಲಿ ಕಲಿಸಿದ ಅಭ್ಯಾಸವನ್ನು ಮನೆಯಲ್ಲಿ ದಿನವೂ ಮಾಡಿಸಿ. 2016ರ ಕಾಯ್ದೆಯಡಿ ಆಟಿಸಂ ಅಂಗವೈಕಲ್ಯವೆಂದು ಪರಿಗಣಿತ, ಪ್ರಮಾಣಪತ್ರ ಪಡೆಯಿರಿ. ಬೆಳಕಿನ ಚಿಕಿತ್ಸೆಯನ್ನು ಯಾರಾದರೂ ಸೂಚಿಸಿದರೆ, ಇದು ನೈತಿಕ ಸಮಿತಿ ಒಪ್ಪಿದ ಸಂಶೋಧನೆಯೋ, ಮಾರಾಟವೋ ಎಂದು ಮೊದಲು ಕೇಳಿ. ಸಂಶೋಧನೆಯಾದರೆ ನಿಮ್ಮ ಹೊಲದ ಬೆಲೆ ಕೇಳಬಾರದು.

ಅವರು ಮೊಬೈಲನ್ನು ಜೇಬಿಗಿಟ್ಟರು. ಮಗ ಕಿಟಕಿಯಲ್ಲಿ ಬಿದ್ದ ಬಿಸಿಲನ್ನು ಬೆರಳಿನಿಂದ ಮುಟ್ಟುತ್ತಿದ್ದನು. ಭರವಸೆ ಇರಲಿ, ಅದರ ಖರ್ಚನ್ನು ಬಡವರ ಹೊಲ ಭರಿಸದಿರಲಿ.